ಬೆಳಿಗ್ಗೆ ಪೌಡರ್, ಮಧ್ಯಾಹ್ನ ಕಾರ್ವಿಂಗ್: ಎರಡಕ್ಕೂ ಒಂದೇ ಸ್ನೋಬೋರ್ಡ್ ಆರಿಸುವುದು ಹೇಗೆ?

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಫ್ರೀಮಾಂಟ್ ಬಿಟ್ಟು, ಹೈವೇ 80ರಲ್ಲಿ ಟೈರಿಗೆ ಚೈನ್ ಹಾಕಿಕೊಂಡು, ಲೇಕ್ ಟಾಹೋ ಕಡೆಯ ಲಿಫ್ಟ್ ಸಾಲಿಗೆ ಬಂದು ನಿಲ್ಲುವಾಗ ಎಂಟೂವರೆ. ರಾತ್ರಿಯಿಡೀ ಹಿಮ ಬಿದ್ದಿದೆ. ಮೊಣಕಾಲು ಹುಗಿಯುವಷ್ಟಿದೆ. ಈ ಹೊಸ ಮೆತ್ತನೆ ಹಿಮವೇ ಪೌಡರ್. ಮೊದಲ ಎರಡು ಗಂಟೆ ಬೋರ್ಡು ನೀರಿನ ಮೇಲೆ ದೋಣಿ ಹೋದ ಹಾಗೆ ತೇಲಬೇಕು. ಹನ್ನೊಂದಕ್ಕೆಲ್ಲ ಆ ಹೊಸ ಹಿಮವನ್ನು ಜನ ತುಳಿದು ಮುಗಿಸಿರುತ್ತಾರೆ. ಅಲ್ಲಿಂದ ಲಿಫ್ಟ್ ಮುಚ್ಚುವವರೆಗೆ ಮಷಿನ್ ಹಾಯಿಸಿ ಸಮ ಮಾಡಿದ ಗಟ್ಟಿ ಇಳಿಜಾರೇ ಗತಿ. ಅಲ್ಲಿ ಬೋರ್ಡಿನ ಎಡ್ಜ್, ಅಂದರೆ ಪಕ್ಕದ ಲೋಹದ ಅಂಚು, ಈಳಿಗೆಯ ಹಾಗೆ ಕಚ್ಚಿ ಕೊಯ್ಯಬೇಕು. ಅದೇ ಕಾರ್ವಿಂಗ್.

ಬೇ ಏರಿಯಾದಲ್ಲಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಎರಡು ಮೂರು ಸೀಸನ್ ಬಾಡಿಗೆ ಬೋರ್ಡಿನಲ್ಲಿ ಆಡಿ, ಈಗ ಸ್ವಂತದ್ದು ಕೊಳ್ಳಬೇಕು ಅನ್ನುವವರು ಕೇಳುವುದು ಇದೇ ಪ್ರಶ್ನೆ: ಎರಡೂ ಕೆಲಸಕ್ಕೆ ಆಗುವ ಒಂದು ಬೋರ್ಡು ಇದೆಯಾ? ಇದೆ. ಆದರೆ ಅಂಗಡಿಯ ಗೋಡೆ ಮೇಲಿನ ಬಣ್ಣ ನೋಡಿ ಅದು ಸಿಗುವುದಿಲ್ಲ. ಅಳೆದು ತೂಗಿಯೇ ತರಬೇಕು.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಪೌಡರ್‌ಗೆ ಬೇಕಾದದ್ದು ಹೆಚ್ಚಾಗಿ ಬೋರ್ಡಿನ ಮೂತಿಯಲ್ಲಿದೆ. ಕಾರ್ವಿಂಗ್‌ಗೆ ಬೇಕಾದದ್ದು ಎರಡು ಕಾಲುಗಳ ನಡುವೆ ಮತ್ತು ಬಾಲದ ಕಡೆ ಇದೆ. ಎರಡೂ ಒಂದೇ ಜಾಗಕ್ಕೆ ಜಗಳ ಆಡುವುದಿಲ್ಲ. ಅದಕ್ಕೇ ಒಂದೇ ಬೋರ್ಡು ಎರಡನ್ನೂ ಚೆನ್ನಾಗಿ ಮಾಡಬಲ್ಲದು. 'ಆಲ್ ಮೌಂಟನ್' ಅನ್ನುವ ಚೀಟಿ ನೋಡಿ, ಎಲ್ಲದರಲ್ಲೂ ಮಧ್ಯಮವಾಗಿರುವ ಮೆತ್ತನೆಯ ಬೋರ್ಡು ತಂದರೆ ಮಾತ್ರ ಎರಡೂ ಕೈ ತಪ್ಪುತ್ತದೆ. ಈ ಬರಹ ಎರಡೂ ಕಡೆ ತಿರುವು ತೆಗೆದುಕೊಳ್ಳಲು ಬರುವವರಿಗೆ. ಇನ್ನೂ ಬೀಳುತ್ತಾ ಏಳುತ್ತಾ ಕಲಿಯುತ್ತಿದ್ದರೆ ಒಂದು ಸೀಸನ್ ಬಾಡಿಗೆಯದ್ದೇ ಸಾಕು.

ಹೆಜ್ಜೆ 1: ನೀವು ಹೋಗುವ ಬೆಟ್ಟದ ಹಿಮ ಎಂಥದ್ದು?

ಎಲ್ಲ ಪೌಡರ್ ಒಂದೇ ಅಲ್ಲ. ಜಪಾನಿನ ಹೊಕ್ಕೈಡೊದಲ್ಲಿ ಸೈಬೀರಿಯಾದ ಚಳಿಗಾಳಿ ಸಮುದ್ರ ದಾಟಿ ಬಂದು ಸುರಿಸುವ ಹಿಮ ಜರಡಿ ಹಿಡಿದ ಅಕ್ಕಿ ಹಿಟ್ಟಿನಷ್ಟು ಹಗುರ. ಬೋರ್ಡು ಅದರಲ್ಲಿ ಆಳಕ್ಕೆ ಇಳಿಯುತ್ತದೆ. ಅಲ್ಲಿನ ನಿಸೆಕೊ ಕಡೆ ಅಗಲ ಮೂತಿಯ, ಮೀನಿನ ಬಾಲದ ಹಾಗೆ ಸೀಳಿದ ಬೋರ್ಡುಗಳು ಬೆಳೆದದ್ದು ಸುಮ್ನೆ ಅಲ್ಲ.

ಟಾಹೋದ ಹಿಮ ಪೆಸಿಫಿಕ್ ಸಾಗರದಿಂದ ನೇರವಾಗಿ ಬರುತ್ತದೆ. ನೀರಿನ ಅಂಶ ಜಾಸ್ತಿ, ತೂಕ ಜಾಸ್ತಿ. ಇಲ್ಲಿನವರು ಅದನ್ನು 'ಸಿಯೆರಾ ಸಿಮೆಂಟ್' ಅಂತಲೇ ಕರೆಯುತ್ತಾರೆ. ನನ್ನ ಕೈಗೆ ಅದು ನೆನೆಸಿದ ಅವಲಕ್ಕಿಯ ಹಾಗೆ ಸಿಗುತ್ತದೆ. ಇಂಥ ಹಿಮ ಬೋರ್ಡನ್ನು ಹೊರುತ್ತದೆ, ಆದರೆ ಮೂತಿಯನ್ನು ಹಿಡಿದು ಎಳೆಯುತ್ತದೆ. ಬಿಸಿಲು ಬಿದ್ದ ಮೇಲೆ, ಜನ ತುಳಿದ ಮೇಲೆ, ಗಟ್ಟಿ ಗುಡ್ಡೆಗಳಾಗುತ್ತದೆ. ಹಾಗಾಗಿ ಇಲ್ಲಿಗೆ ವಿಪರೀತ ಪೌಡರ್ ಆಕಾರ ಬೇಕಿಲ್ಲ. ಎತ್ತಿದ ಮೂತಿ ಮತ್ತು ಗುಡ್ಡೆಗೆ ಬಡಿದರೂ ಅಲುಗದ ಗಟ್ಟಿತನ ಬೇಕು.

ವರ್ಷ ವರ್ಷಕ್ಕೂ ವ್ಯತ್ಯಾಸ ಬಹಳ. ಟಾಹೋ ಬಳಿಯ ಡಾನರ್ ಪಾಸ್ ಹತ್ತಿರ ಯುಸಿ ಬರ್ಕ್ಲಿಯವರು ನಡೆಸುವ ಹಿಮ ಪ್ರಯೋಗಾಲಯದಲ್ಲಿ 2022–23ರ ಸೀಸನ್‌ನಲ್ಲಿ 754 ಇಂಚು, ಅಂದರೆ ಸುಮಾರು 19 ಮೀಟರ್ ಹಿಮ ದಾಖಲಾಯಿತು. ಅಂಥ ವರ್ಷವೂ ಬರುತ್ತದೆ, ಜನವರಿಯೆಲ್ಲಾ ಒಣಗಿ ಬೆಳಿಗ್ಗೆ ಇಳಿಜಾರು ಕಲ್ಲಿನಂತಿರುವ ವರ್ಷವೂ ಬರುತ್ತದೆ. ನಿಮ್ಮ ಕಳೆದ ಸೀಸನ್ ನೆನಪಿಸಿಕೊಳ್ಳಿ. ಹತ್ತು ದಿನ ಹೋಗಿದ್ದರೆ ಹೊಸ ಹಿಮ ಸಿಕ್ಕಿದ್ದು ಎಷ್ಟು ದಿನ? ವಾರಾಂತ್ಯಕ್ಕೆ ಮಾತ್ರ ಹೋಗುವವರಿಗೆ ಎರಡು ಮೂರು ಇರಬಹುದು. ಹಾಗಿದ್ದರೆ ನಿಮ್ಮ ಬೋರ್ಡು ಕಾರ್ವಿಂಗ್ ಕಡೆಗೇ ಸ್ವಲ್ಪ ವಾಲಿರಲಿ.

ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಹೋಗುವವರ ಲೆಕ್ಕ ಬೇರೆ. ಅಲ್ಲಿನ ಗೊಂಡೋಲ ಅನ್ನುವ ಕೇಬಲ್ ಕಾರಿನ ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಂದ ಕೆಳಗೆ ಹೆಚ್ಚಿನದು ಯಂತ್ರ ಮುಟ್ಟದ ಹಿಮ. ಅವರು ಪೌಡರ್ ಕಡೆಗೆ ವಾಲುವುದು ಸರಿ.

ಹೆಜ್ಜೆ 2: ಬೋರ್ಡಿಗಿಂತ ಮೊದಲು ಪಾದ ಅಳೆಯಿರಿ

ಎಲ್ಲರೂ ಮೊದಲು ಕೇಳುವುದು 'ಎಷ್ಟು ಉದ್ದದ ಬೋರ್ಡು?' ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅಗಲ. ಉದ್ದದಲ್ಲಿ ಎರಡು ಸೆಂಟಿಮೀಟರ್ ಆಚೀಚೆ ಆದರೆ ಹೊಂದಿಕೊಳ್ಳಬಹುದು. ಅಗಲ ತಪ್ಪಿದರೆ ಕಾರ್ವಿಂಗ್ ಆಗುವುದೇ ಇಲ್ಲ.

ನಾನು ಇದನ್ನು ಕಲಿತದ್ದು ಬಿದ್ದು. ಒಮ್ಮೆ ಸಪೂರ ಬೋರ್ಡು ಬಾಡಿಗೆಗೆ ತಂದಿದ್ದೆ. ಹಿಮ್ಮಡಿ ಕಡೆಯ ತಿರುವಿನಲ್ಲಿ ಚೆನ್ನಾಗಿ ಒರಗಿದೆ. ಎಡ್ಜ್ ಹಿಡಿದಿತ್ತು. ಇನ್ನೂ ಸ್ವಲ್ಪ ಒರಗುತ್ತಿದ್ದ ಹಾಗೆ ಬೂಟಿನ ಹಿಮ್ಮಡಿ ಹಿಮಕ್ಕೆ ತಾಗಿತು. ಬೂಟು ಸನ್ನೆಗೋಲಿನ ಹಾಗೆ ಎಡ್ಜನ್ನು ಮೇಲಕ್ಕೆ ಎತ್ತಿಬಿಟ್ಟಿತು. ಒಂದು ಕ್ಷಣದಲ್ಲಿ ಬೆನ್ನ ಮೇಲೆ ಜಾರುತ್ತಾ ಹೋದೆ. ಆಮೇಲೆ ಹತ್ತಿ ಹೋಗಿ ನೋಡಿದರೆ ಎಡ್ಜ್ ಗೀಚಿದ ಸಣ್ಣ ಗೆರೆ, ಅದರ ಪಕ್ಕದಲ್ಲಿ ಬೂಟು ಉತ್ತ ಸಾಲು, ಮುಂದೆ ಗೆರೆಯೇ ಇಲ್ಲ.

ಹಾಗಾಗಿ ಹೀಗೆ ಮಾಡಿ. ಮನೆಯಲ್ಲಿ ಬರಿಗಾಲಲ್ಲಿ ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಲ್ಲಿ. ಹೆಬ್ಬೆರಳ ತುದಿಗೆ ಪೆನ್ಸಿಲ್ ಗುರುತು ಹಾಕಿ ಸೆಂಟಿಮೀಟರ್‌ನಲ್ಲಿ ಅಳೆಯಿರಿ. ಎರಡೂ ಕಾಲು ಅಳೆದು ದೊಡ್ಡದನ್ನು ಹಿಡಿಯಿರಿ. ಸ್ನೋಬೋರ್ಡ್ ಬೂಟಿನ ಮೊಂಡೊ ಸೈಜ್ ಅಂದರೆ ಈ ಅಳತೆಯೇ. ಊರಲ್ಲಿ 8 ನಂಬರ್ ಚಪ್ಪಲಿ ಹಾಕುವವರಿಗೆ ಅಮೆರಿಕದ ಲೆಕ್ಕದಲ್ಲಿ 9, ಮೊಂಡೊದಲ್ಲಿ ಸುಮಾರು 27.

ಈಗ ಬೋರ್ಡಿನ ಅಗಲ. ಕಂಪನಿಯವರು ಬರೆಯುವುದು ಸೊಂಟದ ಅಗಲ, ಅಂದರೆ ಅತಿ ಸಪೂರವಾದ ಜಾಗದ್ದು. ನಿಮ್ಮ ಕಾಲು ಅಲ್ಲಿರುವುದಿಲ್ಲ. ಬೂಟನ್ನು ಬೋರ್ಡಿಗೆ ಕಟ್ಟುವ ಬೈಂಡಿಂಗ್ ಕೂರುವ ಜಾಗದಲ್ಲಿ ಬೋರ್ಡು ಸುಮಾರು 1 ಸೆಂಟಿಮೀಟರ್ ಜಾಸ್ತಿ ಅಗಲ ಇರುತ್ತದೆ. ಸೊಂಟ 255 ಮಿಲಿಮೀಟರ್ ಇದ್ದರೆ ಕಾಲಿನ ಕೆಳಗೆ ಸುಮಾರು 265. ಪಾದ 27 ಸೆಂಟಿಮೀಟರ್. ಕಾಲನ್ನು 15 ಡಿಗ್ರಿ ತಿರುಗಿಸಿ ನಿಂತರೆ ಅಡ್ಡಕ್ಕೆ ಅದು ಹಿಡಿಯುವ ಜಾಗ 26 ಸೆಂಟಿಮೀಟರ್ ಚಿಲ್ಲರೆ. ಅಂದರೆ ಪಾದ ಎರಡೂ ಎಡ್ಜ್‌ಗೆ ಸರಿಯಾಗಿ ಬಂದು ನಿಂತಿತು. ಬೂಟು ಮಾತ್ರ ಪ್ರತಿ ಕಡೆ ಒಂದು ಒಂದೂವರೆ ಸೆಂಟಿಮೀಟರ್ ಹೊರಗೆ ಬರುತ್ತದೆ. ಇದು ಒಳ್ಳೆಯ ಅಳತೆ.

ಪಾದ 30 ಸೆಂಟಿಮೀಟರ್ ಇದ್ದವರು ಇದೇ ಬೋರ್ಡು ಹಾಕಿದರೆ ಬೂಟು ಪ್ರತಿ ಕಡೆ ಎರಡೂವರೆ ಮೂರು ಸೆಂಟಿಮೀಟರ್ ಹೊರಗೆ ಚಾಚುತ್ತದೆ. ನನಗಾದದ್ದೇ ಅವರಿಗೂ ಆಗುತ್ತದೆ. ಅವರಿಗೆ ಸೊಂಟ 265ಕ್ಕಿಂತ ಮೇಲಿರುವ 'ವೈಡ್' ಬೋರ್ಡೇ ಬೇಕು. ಹಾಗಂತ ಸಣ್ಣ ಪಾದದವರು ಅಗಲದ್ದು ತಗೊಂಡರೆ ಒಂದು ಎಡ್ಜ್‌ನಿಂದ ಇನ್ನೊಂದಕ್ಕೆ ಹೊರಳಿಸಲು ಕಾಲು ಸೋಲುತ್ತದೆ. 24 ಸೆಂಟಿಮೀಟರ್ ಪಾದದ ಹೆಣ್ಣುಮಕ್ಕಳಿಗೆ 'ಯೂನಿಸೆಕ್ಸ್' ಬೋರ್ಡು ಕೊಡುವ ಅಂಗಡಿಗಳಿವೆ. ಸೊಂಟದ ಅಳತೆ ಕೇಳಿಯೇ ಕೊಳ್ಳಿ. ಅವರಿಗೆ 235–240ರ ಸುತ್ತ ಇದ್ದರೆ ಚೆನ್ನ.

ಹೆಜ್ಜೆ 3: ಬೋರ್ಡನ್ನು ನೆಲಕ್ಕಿಟ್ಟು ವಿಸಿಟಿಂಗ್ ಕಾರ್ಡ್ ತೂರಿಸಿ

ಪಕ್ಕದಿಂದ ನೋಡಿದಾಗ ಬೋರ್ಡು ಹೇಗೆ ಬಾಗಿದೆ ಅನ್ನುವುದರ ಮೇಲೆ ಅರ್ಧ ಗುಣ ನಿಂತಿದೆ. ಮಧ್ಯದಲ್ಲಿ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿದ್ದರೆ ಕ್ಯಾಂಬರ್. ತೊಟ್ಟಿಲಿನ ತಳದ ಹಾಗೆ ತುದಿಗಳು ಎದ್ದಿದ್ದರೆ ರಾಕರ್. ಕ್ಯಾಂಬರ್ ಮೇಲೆ ನೀವು ನಿಂತಾಗ ಬಿಲ್ಲು ಒತ್ತಿಕೊಂಡು ಎಡ್ಜ್‌ನ ಉದ್ದಕ್ಕೂ ಭಾರ ಹಂಚುತ್ತದೆ. ಅದೇ ಗಟ್ಟಿ ಹಿಮದಲ್ಲಿ ಹಿಡಿತ. ರಾಕರ್ ಪೌಡರ್‌ನಲ್ಲಿ ತೇಲುತ್ತದೆ, ಗಟ್ಟಿ ಹಿಮದಲ್ಲಿ ಜಾರುತ್ತದೆ.

ನಮಗೆ ಬೇಕಾದ್ದು ಎರಡರ ಒಂದು ನಿರ್ದಿಷ್ಟ ಜೋಡಣೆ: ಮೂತಿಯಲ್ಲಿ ಮಾತ್ರ ರಾಕರ್, ಮುಂಗಾಲಿನಿಂದ ಹಿಂದಕ್ಕೆಲ್ಲ ಕ್ಯಾಂಬರ್. ಇದರ ಉಲ್ಟಾ ಕೂಡ ಮಾರುಕಟ್ಟೆಯಲ್ಲಿದೆ: ಕಾಲುಗಳ ನಡುವೆ ರಾಕರ್, ಆಚೀಚೆ ಕ್ಯಾಂಬರ್. ಅದು ಆಟವಾಡಲು ಚೆನ್ನ, ಆದರೆ ಜೋರಾಗಿ ಕಾರ್ವ್ ಮಾಡುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಚೀಟಿಯಲ್ಲಿ 'ಹೈಬ್ರಿಡ್' ಅಂತಷ್ಟೇ ಬರೆದಿರುತ್ತಾರೆ. ನೀವೇ ನೋಡಿಬಿಡಿ. ಅಂಗಡಿಯವರನ್ನು ಕೇಳಿ ಬೋರ್ಡನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ಇಡಿ. ಕಾರ್ಪೆಟ್ ಬೇಡ. ಮಂಡಿಯೂರಿ ಕಣ್ಣನ್ನು ನೆಲದ ಮಟ್ಟಕ್ಕೆ ತನ್ನಿ. ಎಲ್ಲಿ ಬೆಳಕು ಹಾಯುತ್ತದೆ? ಕಾಲುಗಳ ನಡುವೆ ಕೆಲವು ಮಿಲಿಮೀಟರ್ ಸಂದು ಕಾಣಬೇಕು. ಅದು ಕ್ಯಾಂಬರ್.

ಆಮೇಲೆ ಒಂದು ವಿಸಿಟಿಂಗ್ ಕಾರ್ಡ್ ತಗೊಂಡು ಮೂತಿಯ ಕಡೆಯಿಂದ ಬೋರ್ಡಿನ ಕೆಳಗೆ ತೂರಿಸುತ್ತಾ ಬನ್ನಿ. ಅದು ಸಿಕ್ಕಿಕೊಳ್ಳುವ ಜಾಗವೇ ಬೋರ್ಡು ನೆಲ ಮುಟ್ಟುವ ಜಾಗ. ಪೂರ್ತಿ ಕ್ಯಾಂಬರ್ ಬೋರ್ಡಿನಲ್ಲಿ ಕಾರ್ಡು ತುದಿಯಿಂದ ಸುಮಾರು ಒಂದು ಗೇಣು ಒಳಗೆ ನಿಲ್ಲುತ್ತದೆ. ನಮಗೆ ಬೇಕಾದ ಬೋರ್ಡಿನಲ್ಲಿ ಒಂದೂವರೆ ಗೇಣು. ಕಾರ್ಡು ಮುಂಗಾಲಿನ ಸ್ಕ್ರೂ ತೂತುಗಳವರೆಗೂ ಬಂದುಬಿಟ್ಟರೆ ರಾಕರ್ ಅತಿಯಾಯಿತು. ಅಷ್ಟು ಎಡ್ಜ್ ಗಟ್ಟಿ ಹಿಮದಲ್ಲಿ ಕೆಲಸಕ್ಕೆ ಬರುವುದಿಲ್ಲ. ಇನ್ನು ಬಾಲದ ಕಡೆಯಿಂದ ತೂರಿಸಿ. ಅಲ್ಲಿ ಒಂದು ಗೇಣಿಗೇ ನಿಲ್ಲಲಿ. ತಿರುವಿನ ಕೊನೆಯಲ್ಲಿ ನಿಮ್ಮನ್ನು ಹಿಡಿದು ಮುಂದಿನ ತಿರುವಿಗೆ ಚಿಮ್ಮಿಸುವುದು ಆ ಬಾಲವೇ.

ಹೆಜ್ಜೆ 4: ಮೂತಿ ಅಗಲ, ಬಾಲ ಸಪೂರ

1965ರಲ್ಲಿ ಮಿಷಿಗನ್‌ನ ಶರ್ಮನ್ ಪಾಪ್ಪೆನ್ ಎರಡು ಸ್ಕೀಗಳನ್ನು ಜೋಡಿಸಿ ಮಗಳಿಗೆ ಆಟದ ಹಲಗೆ ಮಾಡಿಕೊಟ್ಟರು. ಮುಂದೆ 'ಸ್ನರ್ಫರ್' ಅಂತ ಮಾರಾಟವಾದ ಆ ಹಲಗೆಯ ಮೂತಿಗೆ ಹಿಡಿದುಕೊಳ್ಳಲು ಹಗ್ಗ ಇತ್ತು, ಲೋಹದ ಎಡ್ಜ್ ಇರಲಿಲ್ಲ. 70ರ ದಶಕದಲ್ಲಿ ಯೂಟಾದ ಡಿಮಿಟ್ರಿ ಮಿಲೊವಿಚ್ ಮಾಡಿದ ವಿಂಟರ್‌ಸ್ಟಿಕ್ ಬೋರ್ಡುಗಳೂ ಆಳದ ಹಿಮಕ್ಕೇ ಮಾಡಿದವು. ಈ ಆಟ ಹುಟ್ಟಿದ್ದೇ ಮೆತ್ತನೆ ಹಿಮದಲ್ಲಿ. ಅಂದಿನಿಂದ ಇಂದಿನವರೆಗೂ ಆಳದ ಹಿಮದಲ್ಲಿ ಇರುವ ಪ್ರಶ್ನೆ ಒಂದೇ: ಮೂತಿ ಮುಳುಗದ ಹಾಗೆ ಏನು ಮಾಡುವುದು?

ಉತ್ತರ ಮೂರು. ಒಂದು, ಆಗಲೇ ಹೇಳಿದ ಮೂತಿಯ ರಾಕರ್. ಎರಡು, ಟೇಪರ್: ಮೂತಿಯ ಅಗಲಕ್ಕಿಂತ ಬಾಲದ ಅಗಲ ಎಷ್ಟು ಕಡಿಮೆ ಅನ್ನುವುದು. ಬಾಲ ಸಪೂರ ಇದ್ದರೆ ಅದು ಹಿಮದಲ್ಲಿ ಇಳಿಯುತ್ತದೆ, ಮೂತಿ ತಾನಾಗಿ ಏಳುತ್ತದೆ. ಮೂರು, ಸೆಟ್‌ಬ್ಯಾಕ್: ಎರಡು ಕಾಲುಗಳ ನಡುಬಿಂದು ಬೋರ್ಡಿನ ನಡುವಿಗಿಂತ ಸ್ವಲ್ಪ ಹಿಂದಿರುವುದು. ಈ ಮೂರೂ ಇಲ್ಲದಿದ್ದರೆ ಮೂತಿ ಎತ್ತುವ ಕೆಲಸವನ್ನೆಲ್ಲ ನಿಮ್ಮ ಹಿಂಗಾಲಿನ ತೊಡೆ ಮಾಡಬೇಕು. ಹತ್ತು ನಿಮಿಷಕ್ಕೆ ಅದು ಉರಿಯಲು ಶುರುವಾಗುತ್ತದೆ.

ಟೇಪರ್ ಎಷ್ಟಿರಬೇಕು? ಟಾಹೋದಂಥ ಹಿಮಕ್ಕೆ 8ರಿಂದ 15 ಮಿಲಿಮೀಟರ್ ಸಾಕು. 20 ದಾಟಿದರೆ ಗಟ್ಟಿ ಹಿಮದಲ್ಲಿ ತಿರುವಿನ ಕೊನೆಗೆ ಬಾಲ ಕೈಬಿಡುತ್ತದೆ. ಸೆಟ್‌ಬ್ಯಾಕ್ 2 ಸೆಂಟಿಮೀಟರ್ ಆಚೀಚೆ ಇರಲಿ. ಮೂತಿ ಬಾಲ ಎರಡೂ ಒಂದೇ ಥರ ಇರುವ 'ಟ್ವಿನ್' ಬೋರ್ಡು ಜಿಗಿತದ ದಿಬ್ಬಗಳಿರುವ ಪಾರ್ಕಿನಲ್ಲಿ ಹಾರುವವರಿಗೆ. ನಮಗೆ ಮೂತಿ ಬೇರೆ, ಬಾಲ ಬೇರೆ ಇರುವ 'ಡೈರೆಕ್ಷನಲ್' ಬೇಕು.

ಜೋನ್ಸ್ ಕಂಪನಿಯ ಫ್ಲ್ಯಾಗ್‌ಶಿಪ್, ಬರ್ಟನ್‌ನ ಫ್ಲೈಟ್ ಅಟೆಂಡೆಂಟ್ ಈ ಜಾತಿಯವು. ಕೊರುವಾದವರ ಬೋರ್ಡುಗಳು ಕಾರ್ವಿಂಗ್ ಕಡೆಗೆ ಇನ್ನೂ ಹೆಚ್ಚು ವಾಲುತ್ತವೆ. ಇವನ್ನೇ ಕೊಳ್ಳಿ ಅಂತಲ್ಲ. ಅಂಗಡಿಯಲ್ಲಿ ಹೆಸರು ಹೇಳಿದರೆ ಎಂಥದ್ದು ಬೇಕು ಅಂತ ತಕ್ಷಣ ಗೊತ್ತಾಗುತ್ತದೆ.

ಹೆಜ್ಜೆ 5: ಉದ್ದ ನಿಮ್ಮ ತೂಕಕ್ಕೆ, ಎತ್ತರಕ್ಕಲ್ಲ

ಗಲ್ಲದವರೆಗೆ ಬರಬೇಕು ಅನ್ನುವ ಹಳೆಯ ಲೆಕ್ಕ ಬಿಟ್ಟುಬಿಡಿ. ಬೋರ್ಡಿಗೆ ಗೊತ್ತಾಗುವುದು ನಿಮ್ಮ ತೂಕ ಮಾತ್ರ. ಪ್ರತಿ ಕಂಪನಿ ಪ್ರತಿ ಉದ್ದಕ್ಕೂ ತೂಕದ ಪಟ್ಟಿ ಕೊಡುತ್ತದೆ. ಆ ಪಟ್ಟಿಯ ಮಧ್ಯದಲ್ಲಿ ನೀವು ಬೀಳಬೇಕು. 70 ಕಿಲೋದವರಿಗೆ ಸಾಮಾನ್ಯವಾಗಿ 155ರಿಂದ 158 ಸೆಂಟಿಮೀಟರ್ ಬರುತ್ತದೆ. ಬೆನ್ನಿಗೆ ಭಾರದ ಬ್ಯಾಗ್ ಹಾಕುವವರಾದರೆ ಅದನ್ನೂ ಸೇರಿಸಿ.

ಈಗ ಗಿಡ್ಡ ಮತ್ತು ಅಗಲದ ಬೋರ್ಡುಗಳೂ ಬಂದಿವೆ. ಮಾಮೂಲಿಗಿಂತ 4–6 ಸೆಂಟಿಮೀಟರ್ ಕಡಿಮೆ ಉದ್ದ, ಅಗಲ ಮಾತ್ರ ಸ್ವಲ್ಪ ಹೆಚ್ಚು ಇರುವ ಆಕಾರ. ಮರಗಳ ನಡುವೆ ತಿರುಗಿಸಲು ಬಹಳ ಸುಲಭ, ಬೂಟು ತಾಗುವ ಭಯವೂ ಇಲ್ಲ. ಆದರೆ ಹಿಮ ಕಚ್ಚುವ ಎಡ್ಜಿನ ಉದ್ದ ಕಡಿಮೆ. ವೇಗದಲ್ಲಿ ಗುಡ್ಡೆಗಳ ಮೇಲೆ ನಡುಗುತ್ತದೆ. ದೊಡ್ಡ ಪಾದದವರಿಗೆ ಇದು ಒಳ್ಳೆಯ ದಾರಿ. ಸಣ್ಣ ಪಾದದವರಿಗೆ ಅಲ್ಲ.

ಮರಗಳ ಮಾತು ಬಂದದ್ದಕ್ಕೆ ಇದನ್ನು ಹೇಳಲೇಬೇಕು. ಆಳದ ಹಿಮದ ದಿನ ಮರದ ಬುಡದ ಸುತ್ತ ಕಾಣದ ಪೊಳ್ಳು ಗುಂಡಿ ಇರುತ್ತದೆ. ಅದರಲ್ಲಿ ತಲೆಕೆಳಗಾಗಿ ಬಿದ್ದವರಿಗೆ ತಾವಾಗಿ ಹೊರಬರುವುದು ತುಂಬಾ ಕಷ್ಟ. ಒಬ್ಬರೇ ಹೋಗಬೇಡಿ. ಜೊತೆಯವರು ಕಣ್ಣಿಗೆ ಕಾಣುವಷ್ಟು ಹತ್ತಿರ ಇರಲಿ. ಯಾವ ಬೋರ್ಡೂ ಇದಕ್ಕೆ ಪರಿಹಾರ ಅಲ್ಲ.

ಹೆಜ್ಜೆ 6: ಗಟ್ಟಿತನವನ್ನು ಕೈಯಿಂದ ಒತ್ತಿ ತಿಳಿಯಿರಿ

1ರಿಂದ 10ರವರೆಗೆ ಫ್ಲೆಕ್ಸ್ ನಂಬರ್, ಅಂದರೆ ಗಟ್ಟಿತನದ ಅಂಕಿ, ಹಾಕಿರುತ್ತಾರೆ. ಒಂದು ಕಂಪನಿಯ 6 ಇನ್ನೊಂದರ 8 ಆಗಿರಬಹುದು. ನಂಬರ್ ನೋಡಿ, ಆದರೆ ನಂಬುವುದು ಕೈಯನ್ನು. ಬಾಲವನ್ನು ನಿಮ್ಮ ಶೂ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಮೂತಿ ಹಿಡಿದು, ಇನ್ನೊಂದು ಕೈಯಿಂದ ನಡುವನ್ನು ಒತ್ತಿ. ಮೂತಿಯ ಕಡೆ ಸ್ವಲ್ಪ ಮೆತ್ತಗೆ, ಕಾಲುಗಳ ನಡುವೆ ಮತ್ತು ಬಾಲದಲ್ಲಿ ಗಟ್ಟಿ ಅನ್ನಿಸಬೇಕು. ಆಮೇಲೆ ಬಾಲವನ್ನು ಎರಡು ಪಾದಗಳ ನಡುವೆ ಹಿಡಿದು ಮೂತಿಯನ್ನು ಬಟ್ಟೆ ಹಿಂಡುವ ಹಾಗೆ ತಿರುಚಿ. ಸುಲಭವಾಗಿ ತಿರುಚಿಕೊಂಡರೆ ಗಟ್ಟಿ ಹಿಮದಲ್ಲಿ ಎಡ್ಜ್ ಬಿಟ್ಟುಕೊಡುತ್ತದೆ. ಪಕ್ಕದಲ್ಲಿ ಬೇರೆ ಮೂರ್ನಾಲ್ಕು ಬೋರ್ಡುಗಳನ್ನೂ ತಿರುಚಿ ನೋಡಿದರೆ ಕೈಗೆ ಬೇಗ ಗೊತ್ತಾಗುತ್ತದೆ. ನಮ್ಮ ಕೆಲಸಕ್ಕೆ 6–7 ಸರಿ. 9ರ ಬೋರ್ಡನ್ನು ಬಗ್ಗಿಸಲು ವೇಗ ಬೇಕು. ಶನಿವಾರದ ಜನಜಂಗುಳಿಯಲ್ಲಿ ಆ ವೇಗ ಸಿಗುವುದಿಲ್ಲ.

ಸೈಡ್‌ಕಟ್ ರೇಡಿಯಸ್ ಅನ್ನುವ ಇನ್ನೊಂದು ಅಂಕಿ ಇದೆ. ಬೋರ್ಡಿನ ಪಕ್ಕದ ಬಳುಕು ಎಷ್ಟು ದೊಡ್ಡ ವೃತ್ತದ ತುಂಡು ಅನ್ನುವುದು. 7 ಮೀಟರ್ ಇದ್ದರೆ ಚಿಕ್ಕ ತಿರುವು, 9 ಇದ್ದರೆ ಉದ್ದನೆಯ ತಿರುವು. 8ರ ಆಸುಪಾಸು ಇರಲಿ.

ತಳದ ವಿಷಯ ಚಿಕ್ಕದು. 'ಸಿಂಟರ್ಡ್' ತಳ ಮೇಣ ಕುಡಿಯುತ್ತದೆ, ವೇಗ ಜಾಸ್ತಿ. ಒದ್ದೆ ಹಿಮದಲ್ಲಿ ಚಪ್ಪಟೆ ದಾರಿಗೆ ಬಂದಾಗ ನಿಂತುಬಿಡದೆ ಸಾಗುವುದು ಅದರಿಂದಲೇ. ಆದರೆ ಮೂರ್ನಾಲ್ಕು ದಿನಕ್ಕೊಮ್ಮೆ ಮೇಣ ಹಾಕಬೇಕು.

ಹೆಜ್ಜೆ 7: ಬೈಂಡಿಂಗ್ ಎರಡು ಜಾಗದಲ್ಲಿ ಕೂರಲಿ

ಒಂದೇ ಬೋರ್ಡನ್ನು ಎರಡು ಬೋರ್ಡು ಮಾಡುವ ಉಪಾಯ ಇದು. ಹೊಸ ಹಿಮ ಬಿದ್ದ ದಿನ ಎರಡೂ ಬೈಂಡಿಂಗನ್ನು ಒಂದು ತೂತು ಹಿಂದಕ್ಕೆ, ಅಂದರೆ ಸಾಮಾನ್ಯವಾಗಿ 2 ಸೆಂಟಿಮೀಟರ್ ಸರಿಸಿ. ಗಟ್ಟಿ ಹಿಮದ ದಿನ ಕಂಪನಿಯವರು ಗುರುತು ಮಾಡಿದ ಜಾಗಕ್ಕೆ ತನ್ನಿ. ತೂತುಗಳಿಗೆ ಒಮ್ಮೆ ಶಾಶ್ವತ ಮಾರ್ಕರ್‌ನಿಂದ ಚುಕ್ಕಿ ಇಟ್ಟುಕೊಂಡರೆ ಪಾರ್ಕಿಂಗ್ ಲಾಟ್‌ನಲ್ಲೇ ಐದು ನಿಮಿಷದ ಕೆಲಸ. ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇರಲಿ.

ಕೋನದ ಮಾತು. ಎರಡೂ ಕಾಲು ಬಾತುಕೋಳಿಯ ಹಾಗೆ ಹೊರಗೆ ತಿರುಗಿಸಿ, +15 ಮತ್ತು −15 ಇಟ್ಟು ಕಲಿತವರೇ ಜಾಸ್ತಿ. ಕಾರ್ವಿಂಗ್‌ಗೆ ಮುಂಗಾಲು +21, ಹಿಂಗಾಲು +3 ಅಥವಾ +6 ಇಟ್ಟು ಒಂದು ದಿನ ಪೂರ್ತಿ ಆಡಿ ನೋಡಿ. ಸೊಂಟ ಹೋಗುವ ದಿಕ್ಕಿಗೆ ತಿರುಗುತ್ತದೆ, ಹಿಮ್ಮಡಿ ಕಡೆಯ ತಿರುವು ಎಷ್ಟೋ ಸುಲಭವಾಗುತ್ತದೆ. ಮೊದಲ ಗಂಟೆ ವಿಚಿತ್ರ ಅನ್ನಿಸುತ್ತದೆ. ಮಂಡಿ ನೋವು ಬಂದರೆ ಮಾತ್ರ ಹಳೆಯ ಕೋನಕ್ಕೆ ಬನ್ನಿ.

ಹೆಜ್ಜೆ 8: ಯಾವಾಗ ಕೊಳ್ಳಬೇಕು, ಕೊಳ್ಳುವ ಮೊದಲು ಏನು ನೋಡಬೇಕು

ಮಾರ್ಚ್ ಕೊನೆಯಿಂದ ಬೆಲೆ ಇಳಿಯುತ್ತದೆ. ಬೋರ್ಡಿನ ಬಣ್ಣ ವರ್ಷಕ್ಕೊಮ್ಮೆ ಬದಲಾಗುತ್ತದೆ, ಆಕಾರ ಅಷ್ಟು ಬೇಗ ಬದಲಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಎಡ್ಜನ್ನು ಬೆರಳಿನಿಂದ ನಿಧಾನವಾಗಿ ಸವರುತ್ತಾ ಹೋಗಿ. ಬಿರುಕು ಇದ್ದರೆ ಬೇಡ. ತಳದಲ್ಲಿ ಒಳಗಿನ ಮರ ಕಾಣುವ ಗಾಯ, ಮೇಲಿನ ಪದರ ಉಬ್ಬಿದ ಜಾಗ, ಸ್ಕ್ರೂ ತೂತಿನ ಸುತ್ತ ಬಿರುಕು, ಇವು ಯಾವುದಿದ್ದರೂ ಬಿಟ್ಟುಬಿಡಿ. ಮತ್ತೆ ನೆಲಕ್ಕಿಟ್ಟು ಕಾರ್ಡ್ ತೂರಿಸಿ. ತುಂಬಾ ಆಡಿದ ಬೋರ್ಡಿನಲ್ಲಿ ಕ್ಯಾಂಬರ್ ಸತ್ತು ನಡು ನೆಲಕ್ಕೆ ಅಂಟಿರುತ್ತದೆ.

ಸಾಧ್ಯವಿದ್ದರೆ ಒಂದು ದಿನ ಡೆಮೊ ಬೋರ್ಡು, ಅಂದರೆ ಆಡಿ ನೋಡಲು ಬಾಡಿಗೆಗೆ ಕೊಡುವ ಬೋರ್ಡು, ತಗೊಳ್ಳಿ. ಕೆಲವು ಅಂಗಡಿಗಳು ಆ ಬಾಡಿಗೆಯನ್ನು ಆಮೇಲೆ ಬೆಲೆಯಲ್ಲಿ ಕಳೆಯುತ್ತವೆ, ಕೇಳಿ ನೋಡಿ. ಮೊದಲ ರನ್ ಸುಮ್ನೆ ಹೊಂದಿಕೊಳ್ಳಲು. ಎರಡನೆಯದು ಜನ ತುಳಿದ ಗುಡ್ಡೆ ಹಿಮದಲ್ಲಿ. ಮೂತಿ ಬಡಿದು ನಿಲ್ಲುತ್ತದೆಯಾ, ಅಥವಾ ಹತ್ತಿ ಇಳಿಯುತ್ತದೆಯಾ ಗಮನಿಸಿ. ಮೂರನೆಯದು ಅಗಲವಾದ, ಜನ ಕಡಿಮೆ ಇರುವ, ಮಷಿನ್ ಹಾಯಿಸಿ ಸಮ ಮಾಡಿದ ಇಳಿಜಾರಿನಲ್ಲಿ. ನಾಲ್ಕು ತಿರುವು ತೆಗೆದು ಅಂಚಿಗೆ ಬಂದು ನಿಲ್ಲಿ. ಹಿಂದೆ ತಿರುಗಿ ನೀವು ಬಂದ ದಾರಿ ನೋಡಿ. ಒರೆಸಿದ ಹಾಗೆ ಅಗಲದ ಪಟ್ಟಿ ಇದ್ದರೆ ಬೋರ್ಡು ಜಾರಿದೆ. ತಿರುವಿನ ಮೊದಲರ್ಧ ಗೆರೆ, ಕೊನೆಗೆ ಪಟ್ಟಿ ಆಗಿದ್ದರೆ ಬಾಲ ಬಿಟ್ಟುಕೊಟ್ಟಿದೆ. ಪೆನ್ಸಿಲ್‌ನಿಂದ ಎಳೆದಂಥ ಒಂದೇ ಗೆರೆ ಮೇಲಿನಿಂದ ಕೆಳಗಿನವರೆಗೂ ಇದ್ದರೆ, ಬೋರ್ಡಿನ ಹೆಸರು ಮತ್ತು ಉದ್ದ ಬರೆದುಕೊಂಡು ಅಂಗಡಿಗೆ ಹೋಗಿ.